ಅಳತೆ ವಕೀಲರ ಮನೆಯ ಸ್ಟೂಲು

ಅಳತೆ ವಕೀಲರ ಹೆಂಡತಿ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತೆಂಟು ಸಲ ಸತ್ತಿದ್ದಳು. ಚಾಕುವಿನಿಂದ ಹದಿನಾಲ್ಕು ಸಲ, ದೊಣ್ಣೆಯಿಂದ ಒಂಬತ್ತು ಸಲ, ಕತ್ತು ಹಿಸುಕಿಸಿಕೊಂಡು ಆರು ಸಲ. ಮಿಕ್ಕದ್ದು ಕೊಡಲಿ, ಕಲ್ಲು, ಒಂದೇ ಒಂದು ಸಲ ಇಸ್ತ್ರಿಪೆಟ್ಟಿಗೆ. ಚಾಕುವಿಗೆ ಬದಲು ಮರದ ಸ್ಕೇಲು, ಕೊಡಲಿಗೆ ಬದಲು ಅಡುಗೆಮನೆಯ ಲಟ್ಟಣಿಗೆ. ಗಂಡ ಹಿಡಿದ ಕೊಲೆ ಕೇಸಿನಲ್ಲಿ ಏಟು ಎಲ್ಲಿ ಬಿದ್ದಿತ್ತೆಂದು ಆಸ್ಪತ್ರೆಯ ಕಾಗದದಲ್ಲಿ ಇರುತ್ತಿತ್ತೋ ಅಲ್ಲಿಗೆ ಸರಿಯಾಗಿ ವಕೀಲರು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಅವಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಆಟ ಮುಗಿದ ಮೇಲೆ ಸೆರಗಿನಿಂದ ಸುಣ್ಣ ಒರೆಸಿಕೊಂಡು, ಸರಿಸಿದ ಕುರ್ಚಿ ಸ್ಟೂಲುಗಳನ್ನು ಅವುಗಳ ಜಾಗಕ್ಕೆ ಇಟ್ಟು, ಒಲೆಯ ಮೇಲೆ ಉಕ್ಕುತ್ತಿದ್ದುದನ್ನು ಇಳಿಸಲು ಒಳಗೆ ಹೋಗುತ್ತಿದ್ದಳು.

ಅವಳು ಓದಿದ್ದು ಮೂರನೆಯ ತರಗತಿ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬೆಳಗಿನ ಪೇಪರು ಹಳೆಯದಾಗುತ್ತಿತ್ತು. ಆದರೆ ಟೇಪಿನ ಮೇಲಿನ ಅಂಕಿಗಳನ್ನು ಮಾತ್ರ ಕಣ್ಣು ಮುಚ್ಚಿಕೊಂಡೂ ಓದುವಳು. ಗಂಡ ಟೇಪಿನ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಅವಳ ಕೈಯಲ್ಲಿ. ನಲವತ್ತು ವರ್ಷದ ಸಂಸಾರ ಹೆಚ್ಚುಕಡಿಮೆ ಹಾಗೇ ನಡೆಯಿತು.

ಆ ಟೇಪು ವಕೀಲರ ಅಪ್ಪನದು. ಅಪ್ಪ ದರ್ಜಿ. ಬಟ್ಟೆಗೆ ಟೇಪು ಇಟ್ಟುಕೊಂಡಿದ್ದ ಹಾಗೆ ಮಕ್ಕಳಿಗೆ ಗಜದ ಕೋಲು ಇಟ್ಟುಕೊಂಡಿದ್ದ. ಕುಡಿದರೂ ಹೊಡೆಯುವನು, ಕುಡಿಯಲು ಸಿಗದಿದ್ದರೂ ಹೊಡೆಯುವನು. ಒಮ್ಮೆ ಕೋಲು ಮಗನ ಬೆನ್ನ ಮೇಲೇ ಮುರಿಯಿತು. ಮುರಿದದ್ದಕ್ಕೆ ಮುರಿದ ತುಂಡಿನಿಂದಲೇ ಮತ್ತೆ ಹೊಡೆದ. ಹನ್ನೊಂದು ವರ್ಷದ ಹುಡುಗ ಅಂಗಡಿಯ ಕನ್ನಡಿಗೆ ಬೆನ್ನು ತಿರುಗಿಸಿ ನಿಂತು ಬಾಸುಂಡೆಗಳನ್ನು ಟೇಪಿನಲ್ಲಿ ಅಳೆದನಂತೆ. ಒಂಬತ್ತಿಂಚು, ಏಳೂವರೆ, ಏಳು. ತಾಯಿ, "ಏನೋ ಮಾಡ್ತಿದೀಯಾ?" ಎಂದು ಕೇಳಿದರೆ, "ಬರೆದಿಟ್ಕೊತೀನಿ, ಆಮೇಲೆ ಅವನು ಇಲ್ಲ ಅಂತಾನೆ" ಎಂದನಂತೆ. ವಕೀಲನಾಗುವ ಲಕ್ಷಣ ಅವತ್ತೇ ಇತ್ತು ಎಂದು ಅವರು ಇದನ್ನು ನಗುನಗುತ್ತಾ ಹೇಳುತ್ತಿದ್ದರು. ಆಗೆಲ್ಲ ಹೆಂಡತಿ ಅವರ ಬೆನ್ನು ನೋಡುತ್ತಿದ್ದಳು. ಏಳೂವರೆಯದು ಕೊನೆಯವರೆಗೂ ಕಾಣುತ್ತಿತ್ತು.

ವಕೀಲರು ಎತ್ತರದ ಆಳು, ಆರಡಿಗೆ ಒಂದಿಂಚು ಕಡಿಮೆ. ಕೋರ್ಟಿನಲ್ಲಿ ಎದ್ದು ನಿಂತರೆ ಫ್ಯಾನಿಗೆ ತಲೆ ತಾಗೀತು ಎಂದು ಗುಮಾಸ್ತರು ತಮಾಷೆ ಮಾಡುತ್ತಿದ್ದರು. ಸಾಕ್ಷಿ ಹೇಳುವವನು "ಕಿಟಕಿಯಿಂದ ನೋಡಿದೆ ಸ್ವಾಮಿ" ಎಂದರೆ, ಇವರು ಅಷ್ಟರಲ್ಲೇ ಆ ಕಿಟಕಿಯನ್ನು ಅಳೆದುಕೊಂಡು ಬಂದಿರುತ್ತಿದ್ದರು. ನಿನ್ನ ಎತ್ತರಕ್ಕೆ ಆ ಕಿಟಕಿಯಲ್ಲಿ ಆಕಾಶ ಬಿಟ್ಟು ಬೇರೆ ಏನೂ ಕಾಣುವುದಿಲ್ಲವಲ್ಲಪ್ಪ ಎನ್ನುತ್ತಿದ್ದರು. ಊರಿನಲ್ಲಿ ಯಾರ ತಲೆ ಒಡೆದರೂ, ಒಡೆದವನು ಮೊದಲು ಇವರ ಮನೆ ಮೆಟ್ಟಿಲು ಹತ್ತಿ ಆಮೇಲೆ ಪೊಲೀಸ್ ಠಾಣೆಗೆ ಹೋಗುತ್ತಿದ್ದ. ಬಂದ ಕಕ್ಷಿಗಾರನನ್ನು ವಾಪಸ್ ಕಳಿಸಬಾರದು ಎಂಬುದು ಅವರ ನೇಮ. ಬಾಗಿಲ ಪಕ್ಕ ಮೂರು ಕಾಲಿನ ಮರದ ಸ್ಟೂಲೊಂದಿತ್ತು. ಬಂದವರು ಅದರ ಮೇಲೆ ಕೂತು ಚಪ್ಪಲಿ ಬಿಚ್ಚಬೇಕು. ರಕ್ತ ಮೆತ್ತಿದ ಚಪ್ಪಲಿಗಳನ್ನೂ ಅವಳು ಆ ಜಾಗದಲ್ಲಿ ಕಂಡಿದ್ದಳು. ಯಾರದು ಎಂದು ಕೇಳಿದವಳಲ್ಲ.

ಹಾಗೆ ಬಂದವರಲ್ಲಿ ಮರ ಕೊಯ್ಯುವ ಮಿಲ್ಲಿನ ಗಿಡ್ಡನೂ ಒಬ್ಬ. ಐದಡಿಗೆ ಕಾಲಿಂಚು ಕಡಿಮೆ, ತೋಳು ಮಾತ್ರ ಮರದ ದಿಮ್ಮಿಯ ಹಾಗೆ. ಅವನ ಹೆಂಡತಿ ಅವನಿಗಿಂತ ಎಂಟಿಂಚು ಎತ್ತರ. ಆ ಎತ್ತರಕ್ಕೇ ಅವನು ದಿನಾ ಹೊಡೆಯುತ್ತಿದ್ದ ಎಂದು ನೆರೆಯವರು ಹೇಳುತ್ತಿದ್ದರು. ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಸತ್ತು ಬಿದ್ದಿದ್ದಳು. ಏಟು ನೆತ್ತಿಗೆ, ಮೇಲಿನಿಂದ ನೇರ ಕೆಳಕ್ಕೆ, ಒಂದೇ ಒಂದು. ಕೈಗೊಡಲಿಯದು ಎಂದು ಡಾಕ್ಟರರು ಬರೆದಿದ್ದರು.

ಆ ಕೇಸಿಗೆ ವಕೀಲರ ಹೆಂಡತಿ ಮೂವತ್ತೆಂಟನೆಯ ಸಲ ಸಾಯಬೇಕಾಯಿತು. ಸತ್ತವಳ ಎತ್ತರಕ್ಕೆ ತನ್ನದು ಸಾಲದೆ ನಾಲ್ಕಿಂಚು ದಪ್ಪದ ಕಾನೂನು ಪುಸ್ತಕವೊಂದನ್ನು ನೆಲಕ್ಕಿಟ್ಟು ಅದರ ಮೇಲೆ ನಿಂತಳು. "ಕಾನೂನನ್ನ ಕಾಲ ಕೆಳಗೆ ಹಾಕ್ಕೊಂಡೋಳು ಈ ಊರಲ್ಲಿ ನೀನೊಬ್ಬಳೇ ಕಣೇ" ಎಂದರು ಗಂಡ. ಜೂನಿಯರ್ ವಕೀಲ ಮಂಡಿ ಬಗ್ಗಿಸಿ ಗಿಡ್ಡನಾದ. ಲಟ್ಟಣಿಗೆ ಎತ್ತಿ ಎತ್ತಿ ಹೊಡೆದು ನೋಡಿದ. ಎಷ್ಟು ಸಲ ಹೊಡೆದರೂ ಅದು ತಲೆಯ ಹಿಂಬದಿಗೆ ಓರೆಯಾಗಿ ಬರುತ್ತಿತ್ತೇ ಹೊರತು ನೆತ್ತಿಯ ಗುರುತಿಗೆ ನೇರವಾಗಿ ಇಳಿಯಲಿಲ್ಲ. ವಕೀಲರ ಮುಖ ಅರಳಿತು. ಗಿಡ್ಡನ ಕೈಯಲ್ಲಿ ಇದು ಆಗುವ ಕೆಲಸವೇ ಅಲ್ಲ.

"ಇನ್ನೊಂದ್ಸಲ" ಎಂದರು.

ಅವಳಿಗೆ ಕಾಲು ಸೋತಿತ್ತು. ಬಾಗಿಲ ಪಕ್ಕದ ಸ್ಟೂಲು ಎಳೆದುಕೊಂಡು, "ಒಂದು ಗಳಿಗೆ ತಾಳಪ್ಪ" ಎನ್ನುತ್ತಾ ಕೂತುಬಿಟ್ಟಳು. ಜೂನಿಯರ್ ಅಷ್ಟರಲ್ಲೇ ಕೈ ಎತ್ತಿಬಿಟ್ಟಿದ್ದ. ಲಟ್ಟಣಿಗೆ ಕೆಳಗೆ ಬಂತು. ಸೀಮೆಸುಣ್ಣದ ಗುರುತಿನ ಮೇಲೆ, ನೇರವಾಗಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ.

ಮೂವರೂ ಮೇಜಿನ ಕಡೆ ನೋಡಿದರು. ಗಿಡ್ಡನ ಮನೆಯ ಮಹಜರಿನ ಕಾಗದ ಮೇಜಿನ ಮೇಲಿತ್ತು. ಅಡುಗೆಮನೆಯಲ್ಲಿ ಅರ್ಧ ಹೆಚ್ಚಿದ ತರಕಾರಿ, ಗೋಡೆಗೆ ಒತ್ತಿ ಒಂದು ಸ್ಟೂಲು ಇತ್ತು ಎಂದು ಪೊಲೀಸರು ಅದರಲ್ಲಿ ಬರೆದಿದ್ದರು. ಅದನ್ನು ಗೋಡೆಗೆ ಒತ್ತಿ ಇಟ್ಟವರು ಯಾರು ಎಂದು ಮಾತ್ರ ಬರೆದಿರಲಿಲ್ಲ.

"ಅವಳು ಕೂತಿದ್ದಳು ಕಣ್ರೀ," ಎಂದಳು ಹೆಂಡತಿ. "ತರಕಾರಿ ಹೆಚ್ತಾ ಕೂತಿರೋಳನ್ನ ಹೊಡೆದಿದ್ದಾನೆ."

ವಕೀಲರು ಟೇಪನ್ನು ನಿಧಾನವಾಗಿ ಸುತ್ತಿದರು. "ಸರ್ಕಾರಿ ವಕೀಲರು ಅದನ್ನ ಕೇಳಿಲ್ಲ. ಅವರು ಕೇಳದ್ದನ್ನ ಹೇಳೋದು ನನ್ನ ಕೆಲಸ ಅಲ್ಲ. ಏಳು, ಸ್ಟೂಲು ಅದರ ಜಾಗಕ್ಕಿಡು."

ಅವಳು ಎದ್ದು ಸ್ಟೂಲನ್ನು ಅದರ ಜಾಗಕ್ಕಿಟ್ಟಳು. ಆಮೇಲೆ ಅವಳು ಆ ಆಟಕ್ಕೆ ನಿಲ್ಲಲಿಲ್ಲ. ಬಾಯಿಗೂ ಅವತ್ತೇ ಬೀಗ ಬಿತ್ತು.

ಗಿಡ್ಡ ಖುಲಾಸೆಯಾದ. ಹೊಡೆದವನು ಎತ್ತರದ ಆಳು ಎಂದು ಕೋರ್ಟಿನಲ್ಲಿ ಸಾಬೀತಾದ ಮೇಲೆ ಊರಿನ ಕಣ್ಣು ತಾನಾಗಿಯೇ ಸತ್ತವಳ ಅಣ್ಣನ ಕಡೆ ತಿರುಗಿತು. ಆ ಮನೆತನವೇ ಎತ್ತರದ್ದು. ಅಣ್ಣ ಲಾರಿ ಓಡಿಸುತ್ತಿದ್ದ. ತೀರ್ಪಿನ ದಿನ ಅವನು ಕೋರ್ಟಿನ ಮೆಟ್ಟಿಲ ಮೇಲೆ ವಕೀಲರನ್ನು ಹಿಡಿದು ಮುಖಕ್ಕೆ ಗುದ್ದಿದ. ಎರಡು ಹಲ್ಲು ಹೋದವು. ಬಿದ್ದವರ ಎಡಗಿವಿಯ ಮೇಲೆ ಬೂಟುಗಾಲಿನಿಂದ ಒದ್ದ. ಆ ಕಿವಿ ಆಮೇಲೆ ಕೇಳಿಸಲೇ ಇಲ್ಲ. ಆಸ್ಪತ್ರೆಯ ಮಂಚದಲ್ಲಿ ವಕೀಲರು ತೊದಲುತ್ತಾ, "ಅವನ ಮುಷ್ಟಿ ನನ್ನ ದವಡೆಗೆ ಒಂದಿಂಚೂ ತಪ್ಪಿಲ್ಲ ನೋಡು" ಎಂದರು. ಹೆಂಡತಿ ನಗಲಿಲ್ಲ. ಅಣ್ಣ ಆರು ತಿಂಗಳು ಜೈಲಿನಲ್ಲಿದ್ದು ಬಂದ. ಆಮೇಲೆ ಯಾರೂ ಅವನಿಗೆ ಲಾರಿ ಕೊಡಲಿಲ್ಲ.

ಅದಾದ ಎರಡು ವರ್ಷಕ್ಕೆ ವಕೀಲರು ಕೆಲಸ ಬಿಟ್ಟರು. ಒಂದು ಕಿವಿಯ ವಕೀಲ ಅರ್ಧ ಸಾಕ್ಷಿ ಮಾತ್ರ ಕೇಳಿಸಿಕೊಳ್ಳುತ್ತಾನೆ ಎಂದು ತಾವೇ ಹೇಳಿಕೊಂಡರು. ವಕೀಲರ ಸಂಘದವರು ಹಾರ ಹಾಕಿ, ಅವರ ಫೋಟೋ ಒಂದನ್ನು ಸಂಘದ ಗೋಡೆಗೆ ನೇತುಹಾಕಿದರು. ಕೆಲಸ ಬಿಟ್ಟರೂ ಅಭ್ಯಾಸ ಬಿಡಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಕೋಟು ಹಾಕಿ, ಸ್ಟೂಲಿನ ಮೇಲೆ ಕೂತು ಮೊದಲು ಎಡಗಾಲಿನ ಬೂಟಿಗೆ, ಆಮೇಲೆ ಬಲಗಾಲಿನದಕ್ಕೆ ಲೇಸು ಕಟ್ಟಿ, ಕೋರ್ಟಿನ ಗೇಟಿನವರೆಗೆ ನಡೆದು ವಾಪಸು ಬರುವರು. ಯಾರಾದರೂ ಕೇಳಿದರೆ, "ಗೇಟು ಅಲ್ಲೇ ಇದೆಯಾ ಅಂತ ನೋಡ್ಕೊಂಡು ಬಂದೆ" ಎನ್ನುವರು. ಹೀಗೆ ಒಂಬತ್ತು ವರ್ಷ.

ಗಿಡ್ಡ ಇನ್ನೊಂದು ಮದುವೆಯಾದ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಅವಳು ಅದನ್ನು ಗಂಡನಿಗೆ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಇಪ್ಪತ್ತೆಂಟು ಮೂವತ್ತರ ಹೆಂಗಸು. ಬಲಗೈ ಮೊಣಕೈಯ ಕೆಳಗೆ ಕೈಯೇ ಅಲ್ಲ ಎನ್ನುವ ಹಾಗೆ ತಿರುಚಿಕೊಂಡಿತ್ತು. ಕೆಳತುಟಿ ಸೀಳಿ ರಕ್ತ ಕುತ್ತಿಗೆಗೆ ಇಳಿದು ಒಣಗಿತ್ತು.

"ನಾನು ಮಿಲ್ಲಿನವನ ಎರಡನೇ ಹೆಂಡ್ತಿ," ಎಂದಳು. "ಅವನನ್ನ ಬಿಡಿಸಿದ್ದು ನಿಮ್ಮನೆಯೋರೇ ಅಂತೆ. ಅವರೇ ಹಿಡಿದುಕೊಡಲಿ."

ವಕೀಲರ ಹೆಂಡತಿ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ, ಮುರಿದ ಕೈಗೆ ಎರಡು ಸ್ಕೇಲು ಕೊಟ್ಟು ಟವೆಲಿನಿಂದ ಬಿಗಿದು ಕಟ್ಟಿದಳು. ಒಂದು ಕಾಲದಲ್ಲಿ ಚಾಕುಗಳಾಗಿದ್ದ ಸ್ಕೇಲುಗಳೇ. ಕೋಟು ಹಾಕಿಕೊಳ್ಳುತ್ತಿದ್ದ ವಕೀಲರು ಬಂದು ಬಾಗಿಲಲ್ಲಿ ನಿಂತರು. ಈಚೆಗೆ ಬಲಗಿವಿಯೂ ಮಂದವಾಗಿತ್ತು, ಹೆಂಗಸು ಹೇಳಿದ್ದು ಅವರಿಗೆ ಪೂರ್ತಿ ಕೇಳಿಸಲಿಲ್ಲ. "ಗಟ್ಟಿಯಾಗಿ ಹೇಳಮ್ಮ" ಎಂದರು. ಅವಳು ಸೀಳಿದ ತುಟಿಯಲ್ಲೇ ಕೂಗಿ ಹೇಳಬೇಕಾಯಿತು.

"ನೆನ್ನೆ ಕೊಡಲಿ ಹಿಡ್ಕೊಂಡು ಬಂದು ನನ್ನನ್ನ ಕೂತ್ಕೋ ಅಂದ. ಯಾಕೆ ಅಂದೆ. ನಿಂತಿರೋ ಉದ್ದದ ಹೆಂಗಸನ್ನ ನಾನು ಹೊಡೆಯೋಕಾಗಲ್ಲ ಅಂತ ಕೋರ್ಟೇ ಬರೆದುಕೊಟ್ಟಿದೆ, ಅದಕ್ಕೇ ಎಲ್ಲರನ್ನೂ ಕೂರಿಸಿ ಹೊಡೀತೀನಿ ಅಂದ. ನಾನು ಕೂರಲಿಲ್ಲ. ಅದಕ್ಕೆ ಕೈ ಮುರಿದ."

ವಕೀಲರು ಹೆಂಡತಿಯ ಮುಖ ನೋಡಿದರು. ಅವಳೂ ನೋಡಿದಳು. ಹನ್ನೊಂದು ವರ್ಷ ಇಬ್ಬರೂ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದದ್ದು ಒಲೆಯ ಮುಂದೆ ಕೈ ಮುರಿದುಕೊಂಡು ಕೂತಿತ್ತು.

"ಠಾಣೆಗೆ ಹೋಗಿ ಇನ್ಸ್‌ಪೆಕ್ಟರನ್ನ ಕರ್ಕೊಂಡೇ ಬರ್ತೀನಿ," ಎಂದರು. "ಇವಳನ್ನ ಹೊರಗೆ ಬಿಡಬೇಡ."

ಮುಂದಿನ ಕೋಣೆಗೆ ಹೋದರು. ಸ್ಟೂಲು ಎಳೆದ ಸದ್ದು ಅಡುಗೆಮನೆಗೆ ಕೇಳಿಸಿತು. ಬೀದಿ ಬಾಗಿಲು ತೆರೆದಿತ್ತು. ಬಾಗಿಲು ಅವರ ಎಡಗಡೆ, ಕೇಳದ ಕಿವಿಯ ಕಡೆ.

"ಸಾರ್, ನನ್ನವಳು ಬಂದಿದ್ದಾಳಂತೆ. ಕಳಿಸಿಕೊಡಿ." ಗಿಡ್ಡನ ದನಿ.

ಉತ್ತರವಿಲ್ಲ. ಮುರಿದ ಕೈಯವಳು ಚಂಗನೆ ಎದ್ದು ಒಳ್ಳೆಯ ಕೈಯಿಂದ ಅಡುಗೆಮನೆಯ ಚಿಲಕ ಹಾಕಿದಳು.

"ಸಾರ್, ನಿಮ್ಮನ್ನೇ ಕೇಳ್ತಿರೋದು. ತಲೆ ಎತ್ತಿ ಮಾತಾಡೋಕೂ ಆಗದಷ್ಟು ದೊಡ್ಡೋರಾದ್ರಾ?"

ಅವರಿಗೆ ಕೇಳಿಸುತ್ತಿಲ್ಲ ಎಂದು ವಕೀಲರ ಹೆಂಡತಿಗೆ ಗೊತ್ತಿತ್ತು. "ರೀ" ಎಂದು ಕಿರುಚಿದಳು. ಅದೂ ಕೇಳಿಸಲಿಲ್ಲ. ಹಸಿ ಮರಕ್ಕೆ ಕೊಡಲಿ ಬಿದ್ದ ಹಾಗೆ ಒಂದು ಸದ್ದಾಯಿತು. ಆಮೇಲೆ ಸ್ಟೂಲು ಉರುಳಿತು. ಆಮೇಲೆ ಮನುಷ್ಯನ ಭಾರದ ಸದ್ದು.

ಅಡುಗೆಮನೆಯ ಬಾಗಿಲಿಗೆ ಒದೆ ಬಿತ್ತು. ಇಬ್ಬರೂ ಬೆನ್ನು ಕೊಟ್ಟು ನಿಂತರು. ಮೂರನೆಯ ಒದೆಗೆ ಹಲಗೆ ಸೀಳಿತು, ಐದನೆಯದಕ್ಕೆ ಚಿಲಕದ ಒಂದು ಮೊಳೆ ಹಾರಿತು. "ಬಾರೇ, ಕೂತ್ಕೊಳ್ಳೋಕೆ ಸ್ಟೂಲೂ ಇದೆ ಇಲ್ಲಿ" ಎಂದ ಅವನು. ಏಳನೆಯದು ಬಿದ್ದಾಗ ಎದುರಿನ ಸೈಕಲ್ ಅಂಗಡಿಯವನು ಯಾರದು ಅದು ಎಂದು ಗದರಿದ. ಗಿಡ್ಡ ಓಡಿದ. ಸೈಕಲ್ ಅಂಗಡಿಯವನು ಕಂಡದ್ದು ಬೆನ್ನು ಮಾತ್ರ.

ಅವಳು ಚಿಲಕ ತೆಗೆದು ಹೊರಗೆ ಬಂದಳು. ಗಂಡ ಮಗುಚಿ ಬಿದ್ದಿದ್ದರು. ನೆತ್ತಿ ಎರಡು ಹೋಳಾಗಿತ್ತು. ಎಡಗಾಲಿನ ಬೂಟಿನ ಲೇಸು ಕಟ್ಟಿತ್ತು, ಬಲಗಾಲಿನದು ಅರ್ಧ ಗಂಟಿನಲ್ಲಿತ್ತು. ಸ್ಟೂಲು ಕಾಲು ಮೇಲಾಗಿ ಬಿದ್ದಿತ್ತು.

ಆಗ ಅವಳು ಮಾಡಿದ ಕೆಲಸಕ್ಕೆ ಆಮೇಲೆ ಊರೆಲ್ಲ ಅವಳಿಗೆ ತಲೆ ಕೆಟ್ಟಿದೆ ಎಂದಿತು. ಅವಳು ಸ್ಟೂಲನ್ನು ಎತ್ತಿ, ಒರೆಸಿ, ಬಾಗಿಲ ಪಕ್ಕ ಗೋಡೆಗೆ ಒತ್ತಿ ಇಟ್ಟಳು. ಬಕೆಟ್ಟು ತಂದು ನೆಲ ಒರೆಸತೊಡಗಿದಳು. ಮೂವತ್ತೆಂಟು ಸಲ ಹಾಗೇ ಮಾಡಿದ್ದಳು. ಸಾವು ಮುಗಿದ ಮೇಲೆ ಸಾಮಾನು ಅದರ ಜಾಗಕ್ಕೆ ಹೋಗಬೇಕು. ಎರಡನೆಯ ಬಕೆಟ್ಟು ಕೆಂಪಾಗುವಾಗ ಪೊಲೀಸರು ಬಂದರು. ಗೋಡೆಗೆ ಇನ್ನೂ ಬಟ್ಟೆ ತಾಗಿಸಿರಲಿಲ್ಲ.

"ಅಮ್ಮಾ, ಎಲ್ಲಾ ತೊಳೆದುಬಿಟ್ರಲ್ಲ," ಎಂದು ಇನ್ಸ್‌ಪೆಕ್ಟರು ತಲೆ ಮೇಲೆ ಕೈ ಹೊತ್ತು ನಿಂತರು.

"ಅವರು ಸ್ಟೂಲಿನ ಮೇಲೆ ಕೂತು ಬೂಟು ಕಟ್ತಿದ್ರು. ಬರ್ಕೊಳ್ಳಿ."

"ಸ್ಟೂಲು ಗೋಡೆ ಪಕ್ಕ ಇದೆಯಲ್ಲಮ್ಮ. ನಾನು ಕಣ್ಣಾರೆ ಕಂಡಿದ್ದನ್ನ ಬರೀಬೇಕು."

ಕೊಡಲಿ ಮರುದಿನ ಚರಂಡಿಯಲ್ಲಿ ಸಿಕ್ಕಿತು. ಗಿಡ್ಡನೂ ಸಿಕ್ಕಿದ. ಮುರಿದ ಕೈಯವಳು ವಕೀಲರ ಮನೆಯಲ್ಲೇ ಉಳಿದಳು. ಕೈ ಕೂಡಿಕೊಂಡಿತು, ಸೊಟ್ಟಗೆ. ಬೀದಿಯಲ್ಲಿ ಯಾರಾದರೂ ಜೋರಾಗಿ ನಡೆದರೆ ಸಾಕು, ತಟ್ಟೆ ಬಿಟ್ಟು ಏಳುವಳು. ಅವನು ಜೈಲಿನಿಂದ ಹೇಳಿ ಕಳಿಸಿದ್ದ: ಹೊರಗೆ ಬಂದ ದಿನವೇ ನಿನ್ನ ಕೊನೆಯ ದಿನ.

ಅವನ ವಕಾಲತ್ತು ಹಿಡಿದದ್ದು ಅದೇ ಜೂನಿಯರ್. ಈಗ ಅವನ ಕೂದಲೂ ನರೆತಿತ್ತು. ವಿಚಾರಣೆಯ ಹಿಂದಿನ ವಾರ ಮನೆಗೆ ಬಂದ. ಚಪ್ಪಲಿಯನ್ನು ನಿಂತೇ ಬಿಚ್ಚಿದ, ಸ್ಟೂಲಿನ ಮೇಲೆ ಕೂರಲಿಲ್ಲ.

"ಅಮ್ಮ, ಕೇಸು ನಾನೇ ತಗೊಂಡಿದ್ದೀನಿ. ಬಂದವನನ್ನ ವಾಪಸ್ ಕಳಿಸಬಾರದು ಅಂತ ಸಾರೇ ಹೇಳಿಕೊಟ್ಟಿದ್ದು."

"ಊಟ ಆಯ್ತಾ?" ಎಂದಳು.

"ಆಯ್ತು."

"ಏನು ಹೇಳ್ತೀಯಾ ಕೋರ್ಟಲ್ಲಿ?"

ಅವನು ನೆಲ ನೋಡಿದ. "ಸಾರ್ ಎತ್ತರ ಹತ್ರ ಹತ್ರ ಆರಡಿ. ಏಟು ಮೇಲಿಂದ ಕೆಳಗೆ. ಇವನು ಐದಡಿ. ನೀವಿಬ್ಬರೂ ಕೇಳಿಸಿಕೊಂಡಿದ್ದು ದನಿ ಮಾತ್ರ."

"ಸಾರ್ ಟೇಪನ್ನೂ ಕೊಡಲೇನಪ್ಪ? ಒಳಗಿದೆ."

ಅವನು ಬಿಚ್ಚಿಟ್ಟ ಚಪ್ಪಲಿಯ ಕಡೆ ತಿರುಗಿದ.

"ಅವತ್ತು ಲಟ್ಟಣಿಗೆ ನಿನ್ನ ಕೈಯಲ್ಲೇ ಇತ್ತಲ್ಲ. ನಾನು ಕೂತಾಗ ಎಲ್ಲಿಗೆ ಬಿತ್ತು?"

"ಅಮ್ಮ, ಅದನ್ನ ಕಟಕಟೇಲಿ ಹೇಳಿದ್ರೆ ಸಾರ್ ಹೆಸರು ಹೋಗತ್ತೆ. ಗೊತ್ತಿದ್ದೂ ಕೊಲೆಗಾರನನ್ನ ಬಿಡಿಸಿದ್ರು ಅಂತಾರೆ. ಸಂಘದ ಗೋಡೆಯಿಂದ ಫೋಟೋ ಇಳಿಸ್ತಾರೆ. ನಲವತ್ತು ವರ್ಷದ ಹೆಸರು."

ಒಳಗೆ ಪಾತ್ರೆಯೊಂದು ಕೈ ಜಾರಿ ಬಿತ್ತು. ಸೊಟ್ಟ ಕೈಗೆ ಇನ್ನೂ ಹಿಡಿತ ಬಂದಿರಲಿಲ್ಲ. ವಕೀಲರ ಹೆಂಡತಿ ಆ ಕಡೆ ನೋಡಿ, ಮತ್ತೆ ಇವನನ್ನು ನೋಡಿದಳು. "ನೀನು ನಿನ್ನ ಕೆಲಸ ಮಾಡಪ್ಪ," ಎಂದಳು.

ವಿಚಾರಣೆಯ ದಿನ ಕೋರ್ಟು ತುಂಬಿತ್ತು. ವಕೀಲರ ಹೆಂಡತಿ ಸಾಕ್ಷಿಯ ಕಟಕಟೆ ಹತ್ತಿದಳು. ಗಿಡ್ಡ ಎದುರಿನ ಕಟಕಟೆಯಲ್ಲಿ ನಿಂತು ಉಗುರು ಕಚ್ಚುತ್ತಿದ್ದ. ಜೂನಿಯರ್ ಪಾಟೀಸವಾಲಿಗೆ ಎದ್ದ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು ಎಂದು ಗುರುಗಳು ಅವನಿಗೆ ಕಲಿಸಿದ್ದರು. ಉತ್ತರ ಚೆನ್ನಾಗಿ ಗೊತ್ತಿರುವ ಪ್ರಶ್ನೆಯನ್ನು ಕೇಳಬೇಕಾಗಿ ಬಂದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

"ಪೊಲೀಸರು ಬಂದಾಗ ಸ್ಟೂಲು ಗೋಡೆ ಪಕ್ಕ ಇತ್ತು. ಹೌದೋ ಅಲ್ಲವೋ?"

"ಹೌದು."

"ಅಷ್ಟು ಸಾಕು."

"ಸಾಲದಪ್ಪ," ಎಂದಳು. ನ್ಯಾಯಾಧೀಶರ ಕಡೆ ತಿರುಗಿದಳು. "ಸ್ಟೂಲು ಅಲ್ಲಿಗಿಟ್ಟೋಳು ನಾನೇ ಸ್ವಾಮಿ. ಯಾಕಿಟ್ಟೆ ಅಂತ ಹೇಳೋಕೆ ಬಿಡಿ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ಹೇಳಿ ಎಂದರು.

ಅವಳು ಹೇಳಿದಳು. ಮೂವತ್ತೆಂಟು ಸಾವನ್ನೂ ಹೇಳಿದಳು. ಲಟ್ಟಣಿಗೆ ಬಿದ್ದ ದಿನವನ್ನು ಹೇಳುವಾಗ ಗಂಡ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಹಿಂದಿನ ಬೆಂಚಿನಲ್ಲಿ ಎತ್ತರದ ಮುದುಕನೊಬ್ಬ ಎದ್ದು ನಿಂತ. ಪೊಲೀಸಿನವನು ಅವನ ಭುಜ ಹಿಡಿದು ಕೂರಿಸಿದ.

"ಗೋಡೆ ಒರೆಸೋದು ಬಾಕಿ ಇತ್ತು ಸ್ವಾಮಿ. ಪೊಲೀಸಿನವರು ತೆಗೆದ ಫೋಟೋದಲ್ಲಿ ಲೈಟಿನ ಸ್ವಿಚ್ಚು ಇದೆ ನೋಡಿ. ಸ್ವಿಚ್ಚಿನ ಪೆಟ್ಟಿಗೆ ನೆಲದಿಂದ ನಾಲ್ಕಡಿ. ರಕ್ತ ಹಾರಿರೋದು ಅದಕ್ಕಿಂತ ಹತ್ತಿಂಚು ಕೆಳಗೆ. ಆರಡಿ ಮನುಷ್ಯ ನಿಂತಿದ್ರೆ ಮೂರಡಿ ಎರಡಿಂಚಿಗೆ ಯಾಕೆ ಹಾರತ್ತೆ? ಆ ಗೋಡೆಗೆ ನಾನು ಇವತ್ತಿಗೂ ಸುಣ್ಣ ಹೊಡೆಸಿಲ್ಲ. ಯಾರಾದ್ರೂ ಬಂದು ಅಳೀಬಹುದು."

ನ್ಯಾಯಾಧೀಶರು ಫೋಟೋ ತರಿಸಿ ಕನ್ನಡಕ ಏರಿಸಿ ನೋಡಿದರು. ಆಮೇಲೆ ಗುಮಾಸ್ತರ ಸ್ಟೂಲನ್ನು ಮುಂದಕ್ಕೆ ಹಾಕಿಸಿದರು. ಅವಳು ಕಟಕಟೆಯಿಂದ ಇಳಿದು ಅದರ ಮೇಲೆ ಕೂತು, ಲೇಸು ಕಟ್ಟುವವಳ ಹಾಗೆ ಬಾಗಿದಳು. ಮೂವತ್ತೊಂಬತ್ತನೆಯ ಸಲ.

"ಬಾರಪ್ಪ," ಎಂದಳು ಜೂನಿಯರಿಗೆ. "ಮಂಡಿ ಬಗ್ಗಿಸು."

ಅವನು ಮೇಜಿನ ಮೇಲಿದ್ದ ಮರದ ರೂಲುದೊಣ್ಣೆಯನ್ನು ತೆಗೆದುಕೊಂಡ. ಮಂಡಿ ಬಗ್ಗಿಸಿ ಎತ್ತಿದ, ಇಳಿಸಿದ. ಅದು ಅವಳ ನೆತ್ತಿಯ ಮೇಲೆ ನೇರವಾಗಿ ಬಂದು ಕೂತಿತು. ಅವನು ಅದನ್ನು ತೆಗೆಯಲು ಮರೆತು ಹಾಗೇ ನಿಂತ.

ಗಿಡ್ಡ ಕಟಕಟೆಯಿಂದ ನಕ್ಕ. "ಇದನ್ನ ಅವತ್ತೇ ಹೇಳಬಹುದಿತ್ತಲ್ಲಮ್ಮ. ನಿಮ್ಮ ಗಂಡ ಉಳೀತಿದ್ರು."

ಅವಳು ಬಾಗಿದ ತಲೆ ಎತ್ತಲಿಲ್ಲ. "ಹೇಳಬೇಕಿತ್ತು," ಎಂದಳು.

ಗಿಡ್ಡನಿಗೆ ಸಾಯುವವರೆಗೂ ಜೈಲಾಯಿತು. ತೀರ್ಪು ಓದಿದ ದಿನ ಸೊಟ್ಟ ಕೈಯವಳು ವಕೀಲರ ಹೆಂಡತಿಯ ಸೆರಗು ಹಿಡಿದುಕೊಂಡೇ ಹೊರಗೆ ಬಂದಳು. ಸಂಘದ ಜವಾನ ವಕೀಲರ ಫೋಟೋವನ್ನು ಹಳೆಯ ಪೇಪರಿನಲ್ಲಿ ಸುತ್ತಿ ತಂದು ಕೈಗೆ ಕೊಟ್ಟ. ವಕೀಲರ ಹೆಂಡತಿ ಅದನ್ನು ಕಂಕುಳಿಗೆ ಸೇರಿಸಿಕೊಂಡು ಮೆಟ್ಟಿಲಿಳಿದಳು.

ಮೆಟ್ಟಿಲ ಕೆಳಗೆ ಆ ಎತ್ತರದ ಮುದುಕ ನಿಂತಿದ್ದ. ಸತ್ತವಳ ಅಣ್ಣ. ಅವಳು ಅವನ ಮುಂದೆ ಹೋಗಿ ನಿಂತು, ಫೋಟೋವನ್ನು ಸೊಟ್ಟ ಕೈಯವಳಿಗೆ ಕೊಟ್ಟು, ಎರಡೂ ಕೈ ಕೆಳಗೆ ಬಿಟ್ಟಳು. ಹೊಡೆಯುವುದಾದರೆ ಹೊಡೆಯಲಿ ಎಂದೇ ನಿಂತಳು. ಅವನ ಮುಷ್ಟಿ ಬಿಗಿಯಿತು. ಅದು ಎಷ್ಟು ಮೇಲೆ ಬಂದರೆ ತನ್ನ ದವಡೆಗೆ ಸರಿಯಾಗುತ್ತದೆ ಎಂದು ಅವಳ ಕಣ್ಣು ಅಳೆಯಿತು.

"ಹನ್ನೆರಡು ವರ್ಷ," ಎಂದ ಅವನು. "ಹನ್ನೆರಡು ವರ್ಷ ಈ ಊರು ನನ್ನ ಮುಖ ನೋಡಲಿಲ್ಲ. ಎತ್ತರ ನೋಡ್ತು."

ಕೈ ಮೇಲೆ ಬರಲಿಲ್ಲ. ಅವನು ಉಗುಳಿದ. ಉಗುಳು ಅವಳ ಕಾಲಿನ ಹತ್ತಿರ ಬಿತ್ತು. ಆಮೇಲೆ ಬೆನ್ನು ತಿರುಗಿಸಿ, ಸ್ವಲ್ಪ ಬಗ್ಗಿ, ತನ್ನ ಎತ್ತರವನ್ನು ಮುಚ್ಚಿಡುವವನ ಹಾಗೆ ಗೇಟಿನ ಕಡೆಗೆ ನಡೆದುಹೋದ.

"ಅಮ್ಮ, ಒರೆಸಲಾ?" ಎಂದಳು ಸೊಟ್ಟ ಕೈಯವಳು.

"ಬೇಡ. ಇರಲಿ ಬಿಡು," ಎಂದಳು ವಕೀಲರ ಹೆಂಡತಿ.